ಮೈಸೂರಿನ ನೌಕಾಧಿಪತಿಗಳು: ಹೈದರನ ಕಾಲದಿಂದ ಮಳವಳ್ಳಿಯ ಕದನದವರೆಗೆ

ಇಂದು ಮಂಡ್ಯ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣವು ಕಡಲಿನಿಂದ ಬಹುದೂರದಲ್ಲಿರುವ ಕಾವೇರಿಯ ನಡುಗಡ್ಡೆ. ಆದರೂ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಹಡಗುಗಳಿಗೆ ಅಧಿಪತಿಗಳನ್ನು ಗೊತ್ತುಮಾಡುತ್ತಿದ್ದುದು ಈ ರಾಜಧಾನಿಯಿಂದಲೇ. ಮೈಸೂರಿನ ಕುದುರೆದಳ, ಬಾಣದಳಗಳಿಗೆ ದೊರೆತಷ್ಟು ಗಮನ ಆ ನೌಕಾಧಿಪತಿಗಳಿಗೆ ದೊರೆತಿಲ್ಲ.

1763ರಲ್ಲಿ ಬಿದನೂರು ವಶವಾದುದರಿಂದ ಮಂಗಳೂರು ಮೊದಲಾದ ರೇವುಗಳು ಹೈದರ್ ಅಲಿಗೆ ದೊರೆತವು. ರೇವು ದೊರೆತ ಮಾತ್ರಕ್ಕೆ ನಾವಿಕರು ದೊರೆಯುವುದಿಲ್ಲವಷ್ಟೆ. ಹೈದರನು ಕಡಲನ್ನು ಬಲ್ಲ ಕಣ್ಣೂರಿನ ಅಲಿ ರಾಜನಿಗೆ ನೌಕಾಪಡೆಯನ್ನು ಒಪ್ಪಿಸಿದನು. ಅಲಿ ರಾಜನು ಮಾಲ್ಡೀವ್ಸಿನ ಸುಲ್ತಾನನನ್ನು ಸೆರೆಹಿಡಿದು ಕಣ್ಣು ಕೀಳಿಸಿದನೆಂದೂ, ಇದರಿಂದ ನೊಂದ ಹೈದರನು ಅವನನ್ನು ಕಳೆದು ಸ್ಟ್ಯಾನೆಟ್ ಎಂಬ ಇಂಗ್ಲಿಷನನ್ನು ನೇಮಿಸಿದನೆಂದೂ ಫ್ರೆಂಚ್ ಸೈನಿಕ ಡೆ ಲಾ ಟೂರ್ ಬರೆದಿದ್ದಾನೆ. ಈತ ಹೈದರನನ್ನು ಹೊಗಳುವ ಲೇಖಕನಾದುದರಿಂದ ವಿವರಗಳನ್ನು ಎಚ್ಚರದಿಂದ ಸ್ವೀಕರಿಸಬೇಕು.

1768ರ ಘಟನೆ ಇನ್ನೂ ಸ್ಪಷ್ಟವಾದುದು. ಆಗ ನೌಕಾಪಡೆಯ ಮುಖ್ಯಸ್ಥನಾಗಿದ್ದ ಲುತ್ಫ್ ಅಲಿ ಬೇಗ್ ಕುದುರೆದಳದ ಸರದಾರ. ಅವನ ಕೈಕೆಳಗೆ ದುಡಿಯಲೊಲ್ಲದ ಹಡಗಿನ ನಾಯಕರು ಮುಂಬಯಿಯಿಂದ ಬಂದ ಇಂಗ್ಲಿಷರನ್ನು ಕೂಡಿಕೊಂಡರು. ಕಾದಾಟವೇ ಇಲ್ಲದೆ ಪಡೆ ಕೈತಪ್ಪಿತು. ಮತ್ತೆ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸನು ಮಂಗಳೂರಿನಲ್ಲಿಯೇ ನಾಶಪಡಿಸಿದನು. 1782ರಲ್ಲಿ ಕಡಲೂರಿನಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್‌ನನ್ನು ಹೈದರನು ಕಂಡದ್ದು ಈ ಕೊರತೆಯ ಹಿನ್ನೆಲೆಯಲ್ಲಿ.

ಕುದುರೆಯಿಂದಿಳಿದವನು ಹಡಗನ್ನು ಆಳಲಾರನೆಂಬುದನ್ನು ಟಿಪ್ಪು ಅರಿತಿದ್ದನೆಂದು ಅವನ 1796ರ ಏರ್ಪಾಡು ಸೂಚಿಸುತ್ತದೆ. ಆ ವರ್ಷ ನೌಕಾಡಳಿತವು ಪ್ರತ್ಯೇಕ ಇಲಾಖೆಯಾಯಿತು. ಹನ್ನೊಂದು ಮಂದಿ ಮೀರ್ ಯಮ್‌ಗಳು, ಅವರ ಕೆಳಗೆ ಮೂವತ್ತು ಮಂದಿ ಮೀರ್ ಬಹರ್‌ಗಳು. 'ಯಮ್', 'ಬಹರ್' ಎರಡೂ ಕಡಲೆಂಬರ್ಥದ ಅರಬ್ಬಿ ಶಬ್ದಗಳು. 22 ದೊಡ್ಡ ಸಮರನೌಕೆಗಳನ್ನೂ 20 ಫ್ರಿಗೇಟುಗಳನ್ನೂ ಕಟ್ಟಬೇಕೆಂದು ಗೊತ್ತಾಯಿತು. ಹಡಗು ಕಟ್ಟುವ ನೆಲೆಗಳಲ್ಲಿ ಮಂಗಳೂರು, ಮಿರ್ಜಾನ್ ಪರಿಸರಗಳು ಸೇರಿದ್ದವು. ಈ ಹುಕುಂನಾಮೆಯ ಸಾರವನ್ನು 1811ರಲ್ಲಿ ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್‌ನು ಟಿಪ್ಪುವಿನ ಕಾಗದಪತ್ರಗಳನ್ನು ಹಗೆಯ ಕಣ್ಣಿನಿಂದಲೇ ಓದಿದವನು. ಯೋಜನೆಯನ್ನು ಬರಿಯ ಹುಚ್ಚೆಂದು ತಳ್ಳಿಹಾಕುವುದು ಮಾತ್ರ ಸರಿಯಲ್ಲ. ಹುದ್ದೆಗೆ ಹಂತಗಳನ್ನು ಕಲ್ಪಿಸಿ, ನೌಕಾಸೇವೆಯನ್ನು ವ್ಯಕ್ತಿಯ ಮರ್ಜಿಯಿಂದ ಬಿಡಿಸುವ ಯತ್ನ ಅದರಲ್ಲಿದೆ. ತಪ್ಪಿದ್ದು ಕಾಲದ ಲೆಕ್ಕ: 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೂ ಮಲಬಾರೂ ಹೋಗಿದ್ದವು, ಹಡಗು ಕಟ್ಟಲು ಹಣವೂ ಬೇಕು, ವರ್ಷಗಳೂ ಬೇಕು.

ದೊರೆತದ್ದು ಮೂರು ವರ್ಷಕ್ಕೂ ಕಡಿಮೆ. 1799ರಲ್ಲಿ ಮುಂಬಯಿಯ ದಂಡು ಕೊಡಗಿನತ್ತ ಹೊರಟದ್ದು ಕಣ್ಣೂರಿನಿಂದ, ಎಂದರೆ ಹಿಂದೆ ಹೈದರನ ನೌಕಾಧಿಪತಿಯದಾಗಿದ್ದು 1790ರಲ್ಲಿ ಕಂಪನಿಯ ಕೈಸೇರಿದ ರೇವಿನಿಂದ. ಮಾರ್ಚ್ 6ರಂದು ಸಿದ್ದೇಶ್ವರದಲ್ಲಿ ಆ ದಂಡನ್ನು ತಡೆಯಲಾರದೆ ಮರಳಿದ ಟಿಪ್ಪು, ಪೂರ್ವದಿಂದ ಬರುತ್ತಿದ್ದ ಹ್ಯಾರಿಸನನ್ನು ಎದುರಿಸಲು ಮದ್ದೂರಿನ ಹೊಳೆಯ ಬಳಿ ಬೀಡುಬಿಟ್ಟು, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಿ ಸೋತನು. ಮಳವಳ್ಳಿಯು ಹೈದರನು ಮಗನಿಗೆ ಜಹಗೀರಾಗಿ ಕೊಟ್ಟು ಹಣ್ಣಿನ ತೋಟ ಬೆಳೆಸಿದ್ದ ಊರು. ಶತ್ರುವಿಗೆ ಆಸರೆಯಾಗದಿರಲೆಂದು ಕದನದ ಬಳಿಕ ಟಿಪ್ಪುವೇ ಅದನ್ನು ಹಾಳುಗೆಡವಿದನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು; ಮೀರ್ ಯಮ್‌ಗಳ ಇಲಾಖೆಯೂ ಅಂದಿಗೆ ಮುಗಿಯಿತು.