ಇಕಾರಸ್‌ನ ಪತನ: ಪುರಾಣ, ಚಿತ್ರ, ಕವಿತೆ

ಬ್ರಸೆಲ್ಸ್‌ನ ರಾಯಲ್ ಲಲಿತಕಲಾ ಸಂಗ್ರಹಾಲಯದಲ್ಲಿರುವ ‘ಇಕಾರಸ್‌ನ ಪತನವಿರುವ ಭೂದೃಶ್ಯ’ ಎಂಬ ಚಿತ್ರವು ಗ್ರೀಕ್ ಪುರಾಣವನ್ನೂ ಇಪ್ಪತ್ತನೆಯ ಶತಮಾನದ ಕಾವ್ಯವನ್ನೂ ಬೆಸೆದ ಕೃತಿ. ಇದು ಹದಿನಾರನೆಯ ಶತಮಾನದ ಫ್ಲೆಮಿಶ್ ಕಲಾವಿದ ಪೀಟರ್ ಬ್ರೂಗೆಲ್‌ನದೆಂದು ಪ್ರಸಿದ್ಧ. ಅವನ ಕಳೆದುಹೋದ ಮೂಲಚಿತ್ರದ ಪ್ರತಿಯಿರಬೇಕೆಂಬುದು ಈಗ ಹಲವು ವಿದ್ವಾಂಸರ ಅಭಿಪ್ರಾಯ.

ಕಥೆ ಪರಿಚಿತವೇ. ಕ್ರೀಟ್ ದ್ವೀಪದಲ್ಲಿ ಸೆರೆಯಾಗಿದ್ದ ಶಿಲ್ಪಿ ಡೀಡಲಸ್, ಗರಿ ಮತ್ತು ಮೇಣದಿಂದ ರೆಕ್ಕೆಗಳನ್ನು ರಚಿಸಿ ಮಗ ಇಕಾರಸ್‌ನೊಡನೆ ಹಾರಿದ. ತಂದೆಯ ಎಚ್ಚರಿಕೆಯನ್ನು ಮರೆತು ಮಗ ಸೂರ್ಯನ ಸಮೀಪಕ್ಕೇರಿದ. ಮೇಣ ಕರಗಿ ಕಡಲಿಗೆ ಬಿದ್ದ. ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫೋಸಿಸ್’ ಕಾವ್ಯದ ಎಂಟನೆಯ ಭಾಗದಲ್ಲಿ ಬೆಸ್ತ, ಕುರಿಗಾಹಿ, ಉಳುವವ ಮೂವರೂ ಈ ಹಾರಾಟವನ್ನು ಕಂಡು ಬೆರಗಾಗಿ, ಇವರು ದೇವತೆಗಳೇ ಇರಬೇಕೆಂದು ಭಾವಿಸುತ್ತಾರೆ.

ಚಿತ್ರಕಾರನು ಆ ಮೂವರನ್ನು ಉಳಿಸಿಕೊಂಡು ಅವರ ಬೆರಗನ್ನು ಮಾತ್ರ ತೆಗೆದುಹಾಕಿದ್ದಾನೆ. ಉಳುವವನ ದೃಷ್ಟಿ ನೆಲದ ಮೇಲಿದೆ. ಕುರಿಗಾಹಿ ಆಕಾಶವನ್ನು ನೋಡುತ್ತಿದ್ದರೂ ಬಿದ್ದವನತ್ತ ಬೆನ್ನು ಹಾಕಿದ್ದಾನೆ. ಬೆಸ್ತನು ತನ್ನ ಗಾಳದಲ್ಲಿ ಮಗ್ನ. ಹಡಗು ತನ್ನ ಪಾಡಿಗೆ ಸಾಗುತ್ತಿದೆ. ಇಕಾರಸ್ ಎಲ್ಲಿ? ಬಲಗಡೆಯ ಕೆಳಮೂಲೆಯಲ್ಲಿ, ನೀರಿನ ಮೇಲೆ ಕಾಣುವ ಎರಡು ಪುಟ್ಟ ಕಾಲುಗಳಷ್ಟೇ!

1938ರ ಚಳಿಗಾಲವನ್ನು ಬ್ರಸೆಲ್ಸ್‌ನಲ್ಲಿ ಕಳೆದ ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡೆನ್ ಈ ಉದಾಸೀನತೆಯನ್ನೇ ತನ್ನ ‘ಮ್ಯೂಸೆ ದೆ ಬೋಜಾರ್’ ಕವಿತೆಯ ವಸ್ತುವಾಗಿಸಿದ. ಒಬ್ಬನು ನರಳುವ ಹೊತ್ತಿನಲ್ಲಿಯೇ ಲೋಕದ ನಿತ್ಯವ್ಯವಹಾರ ನಡೆಯುತ್ತಿರುತ್ತದೆ ಎಂಬುದು ಅದರ ತಿರುಳು. ಅಮೆರಿಕದ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಕೂಡ ಈ ಚಿತ್ರವನ್ನು ಕುರಿತು ಬರೆದ. 1962ರ ಅವನ ‘ಪಿಕ್ಚರ್ಸ್ ಫ್ರಮ್ ಬ್ರೂಗೆಲ್’ ಸಂಕಲನಕ್ಕೆ ಮರಣಾನಂತರ ಪುಲಿಟ್ಜರ್ ಪ್ರಶಸ್ತಿ ಸಂದಿತು. ಆತ ವೃತ್ತಿಯಿಂದ ವೈದ್ಯ.

ನಾನಿರುವ ದೋಹಾದಲ್ಲಿಯೂ ಇಂಥದೇ ಹಾರಾಟದ ನೆನಪೊಂದಿದೆ. ಎಂ. ಎಫ್. ಹುಸೇನರು ಕಲ್ಪಿಸಿ, ಅವರು ತೀರಿಕೊಂಡ ಬಳಿಕ 2019ರಲ್ಲಿ ಎಜುಕೇಶನ್ ಸಿಟಿಯಲ್ಲಿ ತೆರೆದ ‘ಸೀರೂ ಫಿಲ್ ಅರ್ದ್’ ಕಲಾಕೃತಿಯಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸನ ಪ್ರತಿಮೆಯಿದೆ. ಒಂಬತ್ತನೆಯ ಶತಮಾನದ ಸ್ಪೇನಿನಲ್ಲಿ ಗರಿ ಕಟ್ಟಿಕೊಂಡು ಹಾರಿದ ಆತ ಇಳಿಯುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡನೆಂದು ಅರಬ್ ಇತಿಹಾಸಕಾರರು ಹೇಳುತ್ತಾರೆ. ಬಾಲವನ್ನು ಕಟ್ಟಿಕೊಳ್ಳದಿದ್ದುದೇ ಅದಕ್ಕೆ ಕಾರಣವಂತೆ.

ನಮ್ಮ ರಾಮಾಯಣದ ಸಂಪಾತಿಯೂ ಸೂರ್ಯತಾಪಕ್ಕೆ ರೆಕ್ಕೆ ಸುಟ್ಟುಕೊಂಡು ಬಿದ್ದವನೇ. ಆದರೆ ಅವನು ಸುಟ್ಟುಕೊಂಡದ್ದು ತಮ್ಮ ಜಟಾಯುವನ್ನು ರೆಕ್ಕೆಯಡಿ ಕಾಪಾಡಲು. ವಿಂಧ್ಯದಲ್ಲಿ ಬಿದ್ದ ಅವನನ್ನು ನಿಶಾಕರ ಮುನಿ ಗುರುತಿಸಿ, ಏನಾಯಿತೆಂದು ವಿಚಾರಿಸಿದ. ಮುಂದೆ ವಾನರರೊಡನೆ ಮಾತನಾಡುತ್ತಿರುವಾಗಲೇ ಅವನಿಗೆ ಹೊಸ ಗರಿಗಳು ಮೂಡಿದವು.

ಎತ್ತರದಿಂದ ಬಿದ್ದವರನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಬಿದ್ದುದನ್ನು ಕಂಡವರು ಯಾರು? ಪ್ರಜ್ಞೆ ತಪ್ಪಿತ್ತೇ, ಎಷ್ಟು ಹೊತ್ತು, ಎಂಬುದನ್ನು ಅವರೇ ಹೇಳಬಲ್ಲರು. ಊರು ಬಿಟ್ಟು ದುಡಿಯಲು ಬಂದವನ ವಿಷಯದಲ್ಲಿ ಹಲವು ಸಲ ಉತ್ತರ ದೊರೆಯುವುದಿಲ್ಲ. ಬ್ರೂಗೆಲ್‌ನ ಚಿತ್ರದಲ್ಲಿಯೂ ಆ ಪ್ರಶ್ನೆಗೆ ಉತ್ತರಿಸಬಲ್ಲವರಿಲ್ಲ, ಅದನ್ನು ನೋಡುತ್ತಿರುವ ನಮ್ಮ ಹೊರತು.