ಬೆಚ್ಚಗಾಗದ ಹಿಡಿಕೆಯ ಹಿಂದಿನ ಚರಿತ್ರೆ

ಸ್ನೋಮೊಬೈಲ್ ನೋಡದವರಿಗೆ ಮೊದಲು ಎರಡು ಮಾತು. ಮುಂದೆ ಎರಡು ಸ್ಕೀ, ಹಿಂದೆ ಟ್ಯಾಂಕಿಗಿರುವಂಥ ಒಂದು ಅಗಲ ರಬ್ಬರ್ ಪಟ್ಟಿ, ನಡುವೆ ಬೈಕಿನ ಹಾಗೆ ಸೀಟು, ಹ್ಯಾಂಡಲ್. ಆ ಹ್ಯಾಂಡಲಿನ ಹಿಡಿಕೆಗಳೊಳಗೆ ಪುಟ್ಟ ಹೀಟರ್ ಇರುತ್ತದೆ ಅಂದರೆ ನಮ್ಮ ಕಡೆಯವರಿಗೆ "ಇದೆಂಥ ಶೋಕಿ ಮಾರಾಯ" ಅನ್ನಿಸಬಹುದು. ಶೋಕಿಯೇನಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 35ರ ಹಾಗೆ ತಾಗುತ್ತದೆ. ಬಂಡಿ ಓಡಿಸುವವನಿಗೆ ಗಾಳಿ ಬೀಸಲೇಬೇಕೆಂದಿಲ್ಲ, ಅವನ ವೇಗವೇ ಗಾಳಿ. ಬ್ರೇಕ್ ಹಿಡಿಯುವುದು ಎಡಗೈ, ಥ್ರಾಟಲ್ ಒತ್ತುವುದು ಬಲಗೈ ಹೆಬ್ಬೆರಳು. ಎರಡನ್ನೂ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. ಮರಗಟ್ಟಿದ ಬೆರಳಿಗೆ ಬ್ರೇಕ್ ಎಷ್ಟು ಒತ್ತಿದೆ ಎನ್ನುವುದೂ ಗೊತ್ತಾಗುವುದಿಲ್ಲ.

ಈ ಚಳಿಗಾಲ ನಮ್ಮ ಬೀದಿಯ ಹಿರಿಯರೊಬ್ಬರ ಹಳೆಯ ಬಂಡಿಯ ಹಿಡಿಕೆ ಸರಿಯಾಗಿ ಬಿಸಿಯಾಗುತ್ತಿಲ್ಲ ಅಂತ ಮಲ್ಟಿಮೀಟರ್ ಹಿಡಿದು ಹೋಗಿದ್ದೆ (ಇಲ್ಲಿ ಮಿನ್ನೆಸೋಟದಲ್ಲಿ ಎಲೆಕ್ಟ್ರಿಕಲ್ ಓದಿದವನು ಅಂತ ಒಮ್ಮೆ ಗೊತ್ತಾದರೆ ಮುಗಿಯಿತು, ಬೀದಿಯ ರಿಪೇರಿಯೆಲ್ಲ ನಿಮ್ಮದೇ :-)). ಅದನ್ನು ಬಿಚ್ಚುತ್ತಾ ಹೋದ ಹಾಗೆ ನನಗೆ ಕಾಡಿದ ಪ್ರಶ್ನೆ ಬೇರೆ. ಮೊದಲ ಹಿಮಬಂಡಿಗಳಲ್ಲಿ ಜನ ಬೆಚ್ಚಗೆ ಒಳಗೆ ಕೂತು ಹೋಗುತ್ತಿದ್ದರಲ್ಲ, ಅವರನ್ನು ಹೊರಗೆ ಕೂರಿಸಿದ್ದು ಯಾರು?

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವಾಲ್ಕೂರ್ ಅಂತ ಒಂದು ಊರು. ಅಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೇ ಹದಿನೈದನೇ ವಯಸ್ಸಿಗೆ ಹಳೇ ಫೋರ್ಡ್ ಕಾರಿನ ಎಂಜಿನ್ನಿಗೆ ಮರದ ಪ್ರೊಪೆಲ್ಲರ್ ಕಟ್ಟಿ, ಅದನ್ನು ಜಾರುಬಂಡಿಯ ಮೇಲೆ ಕೂರಿಸಿ, ತಮ್ಮನ ಜೊತೆ ಊರ ಬೀದಿಯಲ್ಲಿ ಓಡಿಸಿದ. ಅದು 1922ರ ಕೊನೆಯ ದಿನ. ತೆರೆದ ಪ್ರೊಪೆಲ್ಲರ್ ಕಂಡು ಹೆದರಿದ ಅಪ್ಪ ಆವತ್ತೇ ಬಿಚ್ಚಿ ಹಾಕಿಸಿದರಂತೆ. ಯಾವ ಅಪ್ಪನಾದರೂ ಅದನ್ನೇ ಮಾಡುತ್ತಿದ್ದ ಅನ್ನಿ. ಹತ್ತೊಂಬತ್ತಕ್ಕೆ ಅವನದೇ ಗ್ಯಾರೇಜು ಆಯಿತು. ಬೇಸಿಗೆಯಲ್ಲಿ ಕಾರು ರಿಪೇರಿ, ಚಳಿಗಾಲದಲ್ಲಿ ಹಿಮಬಂಡಿಯ ಪ್ರಯೋಗ. ಚಳಿಗಾಲದಲ್ಲಿ ರಸ್ತೆಗಳೇ ಮುಚ್ಚಿಹೋಗುತ್ತಿದ್ದ ಕಾಲ, ಕುದುರೆ ಜಾರುಬಂಡಿ ಬಿಟ್ಟರೆ ಗತಿಯಿಲ್ಲ.

1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಈವೋನ್‌ಗೆ ಅಪೆಂಡಿಸೈಟಿಸ್ ಆಗಿ ಹೊಟ್ಟೆಯೊಳಗೆ ನಂಜೇರಿತು. ಆಸ್ಪತ್ರೆ ಸುಮಾರು 50 ಕಿಲೋಮೀಟರ್ ದೂರ. ರಸ್ತೆ ಹಿಮದಡಿ. ಗ್ಯಾರೇಜಿನಲ್ಲಿ ಪ್ರಯೋಗದ ಬಂಡಿಗಳಿದ್ದವು, ಓಡುವಂಥದ್ದು ಒಂದೂ ಇರಲಿಲ್ಲ. ಮಗು ಉಳಿಯಲಿಲ್ಲ.

ಮೂರು ವರ್ಷದಲ್ಲಿ, 1937ರಲ್ಲಿ, ಹಲ್ಲುಚಕ್ರ ಮತ್ತು ಪಟ್ಟಿಯ ವ್ಯವಸ್ಥೆಗೆ ಅವನಿಗೆ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಬಿ7, ಆಮೇಲೆ ಹನ್ನೆರಡು ಜನರ ಬಿ12. ಇವಕ್ಕೆ ಮುಚ್ಚಿದ ಮೈ, ಕಿಟಕಿ, ಬಾಗಿಲು ಎಲ್ಲ ಇದ್ದವು. ಕೊಂಡವರು ಯಾರು ನೋಡಿ: ವೈದ್ಯರು, ಪಾದ್ರಿಗಳು, ಅಂಚೆಯವರು. ಆಂಬುಲೆನ್ಸಾಗಿಯೂ, ಸ್ಕೂಲ್ ಬಸ್ಸಾಗಿಯೂ ಓಡಿದವು. ಈ ಬಂಡಿಗಳ ಚಾಲಕನಿಗೆ ಬಿಸಿ ಹಿಡಿಕೆ ಯಾಕೆ ಬೇಕು? ಗಾಳಿ ಹೊರಗೆ, ಅವನು ಒಳಗೆ.

ಅವನನ್ನು ಹೊರಗೆ ತಂದದ್ದು ಒಂದು ಸರ್ಕಾರಿ ಕಾನೂನು. 1948ರಲ್ಲಿ ಕ್ವಿಬೆಕ್ ಸರ್ಕಾರ ಹೆದ್ದಾರಿಗಳ ಹಿಮ ತೆಗೆಸುವ ನಿಯಮ ತಂದಿತು. ರಸ್ತೆ ತೆರೆದ ಮೇಲೆ ಮಾಮೂಲಿ ಕಾರೇ ಸಾಕು. ದೊಡ್ಡ ಬಂಡಿಗಳ ಮಾರಾಟ ಬಿತ್ತು. ಬೊಂಬಾರ್ಡಿಯೇ ಒಂದು ಕಡೆ ಗಣಿ, ಕಾಡು, ಜೌಗಿನ ಕೆಲಸದ ಯಂತ್ರಗಳಿಗೆ ಕೈಹಾಕಿದ. ಇನ್ನೊಂದು ಕಡೆ ರಸ್ತೆಯೇ ಇಲ್ಲದ ಜಾಗಕ್ಕೆ ಒಬ್ಬಿಬ್ಬರ ಚಿಕ್ಕ ಬಂಡಿಯ ಹಳೇ ಆಸೆ ಮತ್ತೆ ಎದ್ದಿತು. ಹಗುರ ಎಂಜಿನ್ ಸಿಕ್ಕಿತ್ತು, ಮಗ ಜೆರ್ಮೆನ್ ಬೆಸುಗೆಯಿಲ್ಲದ ಅಗಲ ರಬ್ಬರ್ ಪಟ್ಟಿ ಮಾಡಿಕೊಟ್ಟಿದ್ದ. 1959ರಲ್ಲಿ ಸ್ಕೀ-ಡೂ ಬಂತು. ಮೊದಲ ಸೀಸನ್ನಿನಲ್ಲಿ ಮಾರಾಟವಾದದ್ದು 225. ನಾಯಿಬಂಡಿಯ ಬದಲಿಗೆ ಬಂದದ್ದರಿಂದ ಸ್ಕೀ-ಡಾಗ್ ಅಂತ ಇಡಬೇಕೆಂದಿದ್ದ ಹೆಸರು ಅದು.

ಹಗುರವಾಗಬೇಕಾದರೆ ಮೊದಲು ಹೋಗುವುದು ಮಾಡು ಮತ್ತು ಗೋಡೆ. ನಾಯಿಬಂಡಿಯವನಿಗಾದರೂ ಚಳಿಯಾದರೆ ಇಳಿದು ಬಂಡಿಯ ಹಿಂದೆ ಓಡಿ ಮೈ ಬಿಸಿ ಮಾಡಿಕೊಳ್ಳುವ ದಾರಿ ಇತ್ತು. ಇಲ್ಲಿ ಅದೂ ಇಲ್ಲ, ಕೂತಲ್ಲೇ ಕೂತು ಗಾಳಿಗೆ ಮುಖ, ಕೈ ಒಡ್ಡಬೇಕು. ಅತ್ತ ಮಿನ್ನೆಸೋಟದ ರೋಸೋ ಎಂಬ ಊರಿನಲ್ಲಿ ಪೊಲಾರಿಸ್‌ನವರು 1956ರಲ್ಲೇ ತಮ್ಮ ಮೊದಲ ಬಂಡಿ ಮಾಡಿದ್ದರು. ಅವರಲ್ಲೊಬ್ಬ ಎಡ್ಗರ್ ಹೆಟೀನ್, 1960ರಲ್ಲಿ ಅಲಾಸ್ಕದ ಬೆಥೆಲ್‌ನಿಂದ ಫೇರ್‌ಬ್ಯಾಂಕ್ಸ್ ತನಕ ಸುಮಾರು 1,200 ಮೈಲಿ ಇಂಥ ತೆರೆದ ಬಂಡಿಯಲ್ಲಿ ಹೋಗಿ ತೋರಿಸಿದ. 1968ರ ಏಪ್ರಿಲ್‌ನಲ್ಲಿ ರಾಲ್ಫ್ ಪ್ಲೇಸ್ಟೆಡ್ ಎಂಬ ಮಿನ್ನೆಸೋಟದ ವಿಮೆ ವ್ಯಾಪಾರಿ ಸ್ನೋಮೊಬೈಲಿನಲ್ಲಿ ಉತ್ತರ ಧ್ರುವವನ್ನೇ ಮುಟ್ಟಿದ. ಅವನು ನಿಂತ ಜಾಗ ಧ್ರುವವೇ ಎಂದು ಅಮೆರಿಕದ ವಾಯುಸೇನೆಯ ವಿಮಾನ ಮೇಲಿಂದ ಖಚಿತಪಡಿಸಿತು.

ಈಗ ಹಿಡಿಕೆಗೆ ಬರೋಣ. ವಿದ್ಯುತ್ತಿನಿಂದ ಕೈ ಬಿಸಿ ಮಾಡುವ ವಿದ್ಯೆ ಸ್ನೋಮೊಬೈಲಿಗಿಂತ ಹಳೆಯದು. ತಂತಿಯಲ್ಲಿ ಹುಟ್ಟುವ ಶಾಖದ ಲೆಕ್ಕ 1841ರಲ್ಲೇ ಜೂಲ್ ಬರೆದಿಟ್ಟ. ಕಾದರೂ ಬೇಗ ಸುಟ್ಟುಹೋಗದ ನಿಕ್ರೋಮ್ ತಂತಿಗೆ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲ ಅದರ ಬಳಗ. ಮೊದಲ ಮಹಾಯುದ್ಧದ ತೆರೆದ ವಿಮಾನಗಳ ಪೈಲಟ್‌ಗಳು ಆಗಲೇ ವಿದ್ಯುತ್ ಗ್ಲೌಸು ತೊಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಬಾಂಬರ್‌ಗಳಲ್ಲಿ 1943ರ ಕೊನೆಯವರೆಗೆ ಶತ್ರುವಿನ ಗುಂಡಿಗಿಂತ ಹಿಮಕಡಿತಕ್ಕೆ ಸಿಕ್ಕಿ ಹಾಸಿಗೆ ಹಿಡಿದವರೇ ಹೆಚ್ಚು! ಅವರ ಮೊದಲ ಬಿಸಿ ಉಡುಪಿನಲ್ಲಿ ಗ್ಲೌಸು, ಬೂಟು ಎಲ್ಲ ಒಂದೇ ಸರಣಿಯಲ್ಲಿ ಸೇರಿದ್ದವು. ಒಂದು ಕಡೆ ತಂತಿ ಕಡಿದರೆ ಮೈಯೆಲ್ಲ ತಣ್ಣಗೆ. ಆಮೇಲಿನ ಉಡುಪಿನಲ್ಲಿ ಸಮಾಂತರ ಜೋಡಣೆ ಮಾಡಿದರು. ನಮ್ಮೂರ ಮದುವೆ ಮನೆಯ ಸೀರಿಯಲ್ ಲೈಟಿನ ಒಂದು ಬಲ್ಬ್ ಹೋದರೆ ಸಾಲಿಗೆ ಸಾಲೇ ಆರುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಹಿರಿಯರ ಬಂಡಿಗೆ ಬ್ಯಾಟರಿಯೇ ಇಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಎಂಜಿನ್ ಜೊತೆ ತಿರುಗುವ ಆಯಸ್ಕಾಂತ, ಅದರೊಳಗೆ ಸುರುಳಿಗಳು, ಇಷ್ಟೇ ಅದರ ಪವರ್‌ಹೌಸು. ನಮ್ಮ ಸೈಕಲ್ ಡೈನಮೋ ಇದ್ದ ಹಾಗೆ. ನಿಧಾನ ತುಳಿದರೆ ದೀಪ ಮಿಣುಕು, ಜೋರಾಗಿ ತುಳಿದರೆ ಬೆಳಕು. ಹಾಗಾಗಿ ನಿಂತಲ್ಲೇ ಐಡಲ್‌ನಲ್ಲಿ ಹಿಡಿಕೆ ಮುಟ್ಟಿ "ಬಿಸಿ ಇಲ್ಲ" ಅನ್ನುವುದರಲ್ಲಿ ಅರ್ಥವಿಲ್ಲ, ಎಂಜಿನ್ ವೇಗ ಏರಿಸಿ ನೋಡಬೇಕು. ಅಷ್ಟರಲ್ಲೇ ಹೆಡ್‌ಲೈಟ್‌ಗೂ ಪಾಲು ಕೊಡಬೇಕು. ಇನ್ನೊಂದು: ಇಂಥ ಬಂಡಿಯಲ್ಲಿ ಹಿಡಿಕೆಗೆ ಬರುವುದು ಎಸಿ. ಮೀಟರನ್ನು ಡಿಸಿಯಲ್ಲಿಟ್ಟು ಅಳೆದರೆ ಸೊನ್ನೆ ತೋರಿಸುತ್ತದೆ, ಸುಮ್ಮನೆ ಸುರುಳಿ ಸುಟ್ಟಿದೆ ಅಂದುಕೊಂಡು ದುಡ್ಡು ಸುರಿಯುವವರಿದ್ದಾರೆ.

ಇವರ ಬಂಡಿಯಲ್ಲಿ ಎಡ ಹಿಡಿಕೆ ಪರವಾಗಿಲ್ಲ, ಬಲದ್ದು ಸಪ್ಪೆ. ಎರಡೂ ಹಿಡಿಕೆಯ ತಂತಿ ಬಿಡಿಸಿ ಅಳೆದರೆ ಎರಡೂ ಹತ್ತಿರ ಹತ್ತಿರ 6 ಓಮ್. ಅಂದರೆ ಹೀಟರ್ ಚೆನ್ನಾಗಿದೆ. ಮತ್ತೆ ಜೋಡಿಸಿ, ಎಂಜಿನ್ ಏರಿಸಿ, ಸ್ವಿಚ್ ಹಾಕಿ ಅಳೆದಾಗ ಸ್ವಿಚ್ಚಿನ ಹತ್ತಿರ 12 ವೋಲ್ಟ್, ಬಲ ಹಿಡಿಕೆಯ ಬಾಯಲ್ಲಿ 10. ಎರಡು ವೋಲ್ಟ್ ತಾನೇ ಅನ್ನಬೇಡಿ. ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: 12 ವೋಲ್ಟಿಗೆ 24 ವ್ಯಾಟ್ ಕೊಡುವ ಸುರುಳಿ 10 ವೋಲ್ಟಿಗೆ ಕೊಡುವುದು ಬರೀ 17ರ ಹತ್ತಿರ. ಉಳಿದ ಎರಡು ವೋಲ್ಟ್ ಎಲ್ಲಿ ಹೋಯಿತು? ಹ್ಯಾಂಡಲ್ ಕಂಬದ ಬುಡದಲ್ಲಿ, ತಿರುಗಿದಾಗಲೆಲ್ಲ ತಂತಿ ಬಾಗುವ ಜಾಗದಲ್ಲಿ ಒಂದು ಕನೆಕ್ಟರ್. ಒಳಗೆ ಹಸಿರು ಕಿಲುಬು. ಗ್ಲೌಸು ತೆಗೆದು ಮುಟ್ಟಿದರೆ ಬೆಚ್ಚಗಿತ್ತು! ಕೈಗೆ ಸಿಗಬೇಕಾದ ಶಾಖ ಆ ಕಿಲುಬಿನಲ್ಲಿ ಖರ್ಚಾಗುತ್ತಿತ್ತು. ಒಂದು ಓಮಿಗಿಂತ ಸ್ವಲ್ಪ ಹೆಚ್ಚಿನ ತಡೆ, ಅಷ್ಟೇ. ಇದನ್ನು ತಂತಿ ಬಿಡಿಸಿಟ್ಟು ಅಳೆದಿದ್ದರೆ ಕಾಣುತ್ತಲೇ ಇರಲಿಲ್ಲ, ಕರೆಂಟು ಹರಿಯದಿದ್ದರೆ ಎರಡೂ ತುದಿಯಲ್ಲಿ 12 ವೋಲ್ಟೇ ತೋರಿಸುತ್ತದೆ.

ಕನೆಕ್ಟರ್ ಕತ್ತರಿಸಿ, ಹೊಸ ತುದಿ ಹಾಕಿ, ತೇವ ಸೇರದ ಹಾಗೆ ಗ್ರೀಸ್ ಮೆತ್ತಿದೆವು. ಕೆಲವು ಕಡೆ ಯಾರೋ ರಿಪೇರಿಯವರು ಎರಡು ಹಿಡಿಕೆಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ, ಆಗ ಪ್ರತಿ ಹಿಡಿಕೆಗೂ 6 ವೋಲ್ಟ್, ಶಾಖ ಕಾಲು ಭಾಗ. ಬಾಂಬರ್ ಉಡುಪಿನ ಅದೇ ಹಳೇ ಕತೆ. ಇದರಲ್ಲಿ ಹಾಗಿರಲಿಲ್ಲ. ಆದರೆ ಬಲ ಹಿಡಿಕೆಯನ್ನು ಎಂದೋ ಬದಲಾಯಿಸಿದವರು ಸುರುಳಿಗೂ ಹ್ಯಾಂಡಲ್ ಕೊಳವೆಗೂ ನಡುವೆ ಏನೂ ಹಾಕಿರಲಿಲ್ಲ. ಲೋಹದ ಕೊಳವೆ ಶಾಖವನ್ನು ಹೀರಿ ಗಾಳಿಗೆ ಬಿಡುತ್ತದೆ, ಕೈಗೆ ಮುಟ್ಟುವುದು ಉಳಿದದ್ದು. ಅಲ್ಲಿಗೆ ಒಂದು ತೆಳು ಪ್ಲಾಸ್ಟಿಕ್ ತೋಳು ತರಿಸಿ ಹಾಕಬೇಕು. ಮುಂದಿನ ಶನಿವಾರದ ಕೆಲಸ ಅದು.