ಮೋನೆಯ ನೈದಿಲೆ, ಊರವರ ನೀರು

ಕ್ಲೋಡ್ ಮೋನೆಯ ನೈದಿಲೆ ಚಿತ್ರಗಳನ್ನು ನೀವು ಎಲ್ಲೋ ಒಂದು ಕಡೆ ನೋಡಿಯೇ ಇರ್ತೀರಿ. ಆಫೀಸಿನ ಗೋಡೆ ಮೇಲೆ, ಕಾಫಿ ಮಗ್ ಮೇಲೆ, ಇಲ್ಲಾ ಯಾರದೋ ಲ್ಯಾಪ್‌ಟಾಪಿನ ವಾಲ್‌ಪೇಪರಲ್ಲಿ. ಅವನ್ನ ತಾವರೆ ಅಂದುಬಿಡೋರೇ ಜಾಸ್ತಿ. ತಾವರೆಯ ಎಲೆ, ಹೂವು ಎರಡೂ ನೀರಿಂದ ಮೇಲೆದ್ದು ನಿಲ್ಲುತ್ತವೆ. ಮೋನೆಯ ಹೂವಿನ ಎಲೆ ನೀರಿನ ಮೇಲೆ ಮಲಗಿರುತ್ತೆ. ಚಿಕ್ಕ ವ್ಯತ್ಯಾಸವಲ್ಲ ಇದು. ಎಲೆ ಹಾಗೆ ಮಲಗಿದರೆ ತಾನೇ ಪಕ್ಕದ ನೀರಲ್ಲಿ ಮೋಡ ಕಾಣೋದು!

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೂವಲ್ಲ, ಆ ನೀರು ಅಲ್ಲಿಗೆ ಬಂದ ಕಥೆ.

1883ರಲ್ಲಿ ಮೋನೆ ಫ್ರಾನ್ಸಿನ ಜಿವರ್ನಿ ಅನ್ನೋ ಹಳ್ಳಿಗೆ ಬಾಡಿಗೆಗೆ ಬಂದ. 1890ರಲ್ಲಿ ಅದೇ ಮನೆಯನ್ನು ಕೊಂಡ. ಚಿತ್ರಗಳು ಮಾರಾಟವಾಗಿ ಕೈಯಲ್ಲಿ ಕಾಸು ಓಡಾಡುತ್ತಿದ್ದ ಕಾಲ ಅದು. 1893ರಲ್ಲಿ ರೈಲು ಹಳಿಯ ಆಚೆ ಇನ್ನೊಂದು ತುಂಡು ಜಮೀನು ತಗೊಂಡು, ಅಲ್ಲಿ ಕೊಳ ಮಾಡ್ತೀನಿ, ಪಕ್ಕದಲ್ಲಿ ಹರಿಯೋ ಎಪ್ಟ್ ನದಿಯ ಕವಲಿಂದ ನೀರು ತಿರುಗಿಸ್ಕೊಳ್ತೀನಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ.

ಊರವರು ತಕರಾರು ತೆಗೆದರು. ಆ ನೀರಲ್ಲೇ ಅವರು ಬಟ್ಟೆ ಒಗೆಯೋದು, ಅವರ ದನ ಕುಡಿಯೋದು. ಪರದೇಶದ ಗಿಡ ತಂದು ಹಾಕಿದರೆ ನೀರು ವಿಷವಾಗುತ್ತೆ ಅನ್ನೋದು ಅವರ ಭಯ. ಆಗ ರೂವಾಂ ಪಟ್ಟಣದಲ್ಲಿ ಚರ್ಚಿನ ಚಿತ್ರಗಳಲ್ಲಿ ಮುಳುಗಿದ್ದ ಮೋನೆ ಸಿಟ್ಟಿಗೆದ್ದು, ಆ ಗಿಡಗಳನ್ನೆಲ್ಲ ನದಿಗೆ ಎಸೆದುಬಿಡು ಅಂತ ಹೆಂಡತಿ ಆಲಿಸ್‌ಗೆ ಬರೆದ. ಕಡೆಗೆ ಅದೇ ವರ್ಷ ಅನುಮತಿ ಸಿಕ್ಕಿತು.

ಕಲಾ ಇತಿಹಾಸದ ಪುಸ್ತಕಗಳಲ್ಲಿ ಇದು ಸಾಮಾನ್ಯವಾಗಿ ತಮಾಷೆಯ ಪ್ರಸಂಗ: ಮಹಾನ್ ಕಲಾವಿದ, ಅವನನ್ನು ಅರ್ಥ ಮಾಡಿಕೊಳ್ಳದ ಹಳ್ಳಿಗರು. ನಂಗೆ ನಗು ಬರಲಿಲ್ಲ. ತೂಬನ್ನು ಒಂದಿಂಚು ಜಾಸ್ತಿ ಎತ್ತಿದ್ದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನ ನೋಡಿ ಬೆಳೆದವನು ನಾನು. ಹಳ್ಳಿಗರ ಸಸ್ಯಶಾಸ್ತ್ರ ತಪ್ಪಿರಬಹುದು, ಆದರೆ ಕೇಳಿದ ಪ್ರಶ್ನೆ ಸರಿಯಾಗೇ ಇತ್ತು.

ಗಿಡಗಳು ನಿಜಕ್ಕೂ ಹೊಸವೇ. ಯುರೋಪಿನ ಚಳಿ ತಡೆಯೋ ನೈದಿಲೆ ಅಂದರೆ ಅಲ್ಲಿವರೆಗೂ ಬಿಳಿ ಬಣ್ಣದ್ದು. ಲಾತೂರ್-ಮಾರ್ಲಿಯಾಕ್ ಅನ್ನೋ ಫ್ರೆಂಚ್ ತೋಟಗಾರ ಅದನ್ನು ಬೇರೆ ದೇಶದ ತಳಿಗಳ ಜೊತೆ ಕೂಡಿಸಿ ಹಳದಿ, ಗುಲಾಬಿ, ಕೆಂಪು ಹೂವು ಬರಿಸಿದ. 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ್ನ ಜನರ ಮುಂದಿಟ್ಟ. ಮೋನೆ ಗಿಡ ತರಿಸಿದ್ದು ಅವನ ನರ್ಸರಿಯಿಂದಲೇ. ಅಂದರೆ ನಾವು ‘ಪ್ರಕೃತಿ’ ಅಂತ ನೋಡೋ ಆ ಚಿತ್ರದಲ್ಲಿ ತೋಡಿದ ಕೊಳ, ತಿರುಗಿಸಿದ ನೀರು, ಕಸಿವಿಸಿಯಿಲ್ಲದೆ ಆರ್ಡರ್ ಮಾಡಿದ ಹೂವು ಎಲ್ಲಾ ಇದೆ. ಎಲೆ ಮೇಲಿನ ಧೂಳು ತೊಳೆಯೋಕೇ ಒಬ್ಬ ಮಾಲಿ ದೋಣಿಯಲ್ಲಿ ಹೋಗುತ್ತಿದ್ದ.

ಇಷ್ಟೆಲ್ಲಾ ಮಾಡಿದ್ದು ಬೆಳಕಿಗೋಸ್ಕರ. ಬೆಳಗಿನ ನೀರು ಬೇರೆ, ಸಂಜೆಯ ನೀರು ಬೇರೆ. ಅದಕ್ಕೇ ಒಂದೇ ಕೊಳವನ್ನ ಮತ್ತೆ ಮತ್ತೆ ಬರೆದ. ಮನಸ್ಸಿಗೆ ಬರದಿದ್ದವನ್ನ 1908ರಲ್ಲಿ ತಾನೇ ಹಾಳುಮಾಡಿದ. ಮರುವರ್ಷ 48 ಚಿತ್ರಗಳನ್ನು ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟ.

ಆಮೇಲೆ ಆ ಬೆಳಕೇ ಕೈಕೊಟ್ಟಿತು. 1911ರಲ್ಲಿ ಆಲಿಸ್ ತೀರಿಕೊಂಡಳು. 1912ರಲ್ಲಿ ಕಣ್ಣಿಗೆ ಪೊರೆ ಅಂತ ವೈದ್ಯರು ಹೇಳಿದರು. 1914ರಲ್ಲಿ ದೊಡ್ಡ ಮಗ ಜಾನ್ ಹೋದ, ಅದೇ ವರ್ಷ ಯುದ್ಧವೂ ಶುರುವಾಯಿತು. ಬಣ್ಣಗಳು ಮಂಕಾಗಿ ಹಳದಿ ಕಂದಾಗಿ ಕಾಣುತ್ತಿದ್ದವು. ಟ್ಯೂಬಿನ ಮೇಲಿನ ಹೆಸರು ನೋಡಿ ಬಣ್ಣ ತಗೊಳ್ಳೋ ಸ್ಥಿತಿ. ಆದರೂ ಆಪರೇಷನ್ ಅಂದರೆ ಹೆದರಿ ಹೆದರಿ ಮುಂದೂಡಿದ, ಕೊನೆಗೆ ಬಲಗಣ್ಣಿಗೆ ಮಾಡಿಸಿಕೊಂಡಿದ್ದು 1923ರಲ್ಲಿ. ಈ ನಡುವೆಯೇ ಅವನ ಅತಿ ದೊಡ್ಡ ನೈದಿಲೆ ಚಿತ್ರಗಳು ಬೆಳೆದವು.

ಯುದ್ಧ ನಿಂತ ಮರುದಿನ, 1918ರ ನವೆಂಬರ್ 12ರಂದು, ದೇಶಕ್ಕೆ ಚಿತ್ರ ಕೊಡ್ತೀನಿ ಅಂತ ಗೆಳೆಯ, ಪ್ರಧಾನಿ ಕ್ಲೆಮಾನ್ಸೋಗೆ ಕಾಗದ ಬರೆದ. ಕೊಡೋ ಮಾತಾಡಿದರೂ ತಿದ್ದೋದು ಬಿಡಲಿಲ್ಲ. ಬದುಕಿರೋವರೆಗೂ ಅವು ಸ್ಟುಡಿಯೋ ಬಿಟ್ಟು ಹೋಗಲಿಲ್ಲ. 1926ರ ಡಿಸೆಂಬರ್‌ನಲ್ಲಿ ಸತ್ತ. ಪ್ಯಾರಿಸ್‌ನ ಒರಾಂಜರಿ ಮ್ಯೂಸಿಯಂನ ಎರಡು ಅಂಡಾಕಾರದ ಕೋಣೆಗಳಲ್ಲಿ ಅವು ಜನರಿಗೆ ಕಂಡಿದ್ದು 1927ರ ಮೇನಲ್ಲಿ.

ಎಂಟು ಚಿತ್ರ, ಸುಮಾರು ಎರಡು ಮೀಟರ್ ಎತ್ತರ, ಒಂದರ ಪಕ್ಕ ಒಂದು ಇಟ್ಟರೆ 90 ಮೀಟರಿಗೂ ಉದ್ದ. ಮೋಡ ಇದೆ, ವಿಲ್ಲೋ ಮರ ಇದೆ, ಮುಳುಗೋ ಸೂರ್ಯನ ಹಳದಿ ಇದೆ. ನೀರು ಕುಡಿಯೋಕೆ ಬಂದ ದನ ಒಂದೂ ಇಲ್ಲ.